ರೆಕ್ಕೆಯ ವಿಚಾರವಾಗಿ ಸುಹಾಸನಿಗೆ ಬರೆದ ಕಾಗದ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ವಿಮಾನಶಾಸ್ತ್ರದ ವ್ಯಾಸಂಗಕ್ಕೆ ಸೇರುವ ಮುನ್ನ ನೀನು ಬರೆದ ಕಾಗದ ತಲುಪಿತು. ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಅಲ್ಲಿನ ಗಾಳಿಗೆ ದೂರ ಹೆಚ್ಚು, ಕೆಳಗಿನ ಗಾಳಿಯನ್ನು ಹಿಂಬದಿಯ ಅಂಚಿನಲ್ಲಿ ಕೂಡಿಕೊಳ್ಳಲೆಂದೇ ಅದು ವೇಗವಾಗಿ ಓಡುತ್ತದೆ, ವಿಮಾನ ಮೇಲೇಳುವುದು ಅದರಿಂದಲೇ ಎಂದಿದ್ದೀಯೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಭೌತಶಾಸ್ತ್ರದ ಮೇಷ್ಟರಾಗಿ ಎಷ್ಟೋ ವರ್ಷ ನಾನೂ ಹೀಗೆಯೇ ಪಾಠ ಹೇಳಿದ್ದೆ. ಬೇರೆಯಾದ ಗಾಳಿ ಮತ್ತೆ ಏಕಕಾಲಕ್ಕೆ ಕೂಡಬೇಕೆಂಬ ಕಟ್ಟಳೆ ಪ್ರಕೃತಿಯಲ್ಲಿಲ್ಲ. ಮೇಲಿನ ಗಾಳಿ ಮೊದಲೇ ದಾಟಿಬಿಡುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನ ತಲೆಕೆಳಗಾಗಿ ಹಾರಿದ್ದನ್ನು ನಾವಿಬ್ಬರೂ ಕಂಡೆವಲ್ಲ, ಉಬ್ಬು ಕೆಳಗಾದರೂ ಅದೇನೂ ಬೀಳಲಿಲ್ಲ.

ರೆಕ್ಕೆಯು ಎದುರು ಬರುವ ಗಾಳಿಗೆ ಕೆಲವೇ ಡಿಗ್ರಿ ಓರೆಯಾಗಿ ನಿಂತು ಅದರ ಹರಿವನ್ನು ಕೆಳಕ್ಕೆ ತಿರುಗಿಸುತ್ತದೆ, ಅದಕ್ಕೆ ಪ್ರತಿಯಾಗಿ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಮೇಲ್ಮೈಯಲ್ಲಿ ಒತ್ತಡ ಇಳಿದು ಕೆಳಗೆ ಏರುವುದು ಇದೇ ಸಂಗತಿಯ ಇನ್ನೊಂದು ಮುಖವಾದ್ದರಿಂದ, ಪ್ರತಿಬಲದ ಮಾತಾಡುವ ನ್ಯೂಟನ್ ಸರಿಯೋ ಒತ್ತಡದ ಮಾತಾಡುವ ಬರ್ನೌಲಿ ಸರಿಯೋ ಎಂಬ ಜಗಳಕ್ಕೆ ಇಳಿಯಬೇಡ. ಚಿಕ್ಕವನಿದ್ದಾಗ ನೀನು ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನಿಂದ ಬೈಸಿಕೊಂಡಿದ್ದೆ. ಅಂಗೈ ಓರೆಯಾದಾಗ ಅದನ್ನು ಎತ್ತಿದ್ದು ಈ ಬಲವೇ. ಓರೆ ಸುಮಾರು 15 ಡಿಗ್ರಿ ಮೀರಿದರೆ ಗಾಳಿ ಮೇಲ್ಮೈಯನ್ನು ಬಿಟ್ಟು ಸುಳಿಗಳಾಗಿ ಒಡೆಯುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುವುದು. ಎಂಜಿನ್ ಕೆಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ನಿನ್ನ ಕಾಗದದಲ್ಲಿದ್ದ ವಿಮಾನಗಳ ವೇಗದ ಪಟ್ಟಿ. ಯಾವ ವೇಗದ ಅಂಕಿ ಕಂಡರೂ ಅದು ನೆಲಕ್ಕೆ ಹೋಲಿಸಿದ್ದೋ ಗಾಳಿಗೆ ಹೋಲಿಸಿದ್ದೋ ಎಂದು ಮೊದಲು ಕೇಳು, ಏಕೆಂದರೆ ರೆಕ್ಕೆಗೆ ತಿಳಿಯುವುದು ಗಾಳಿಯೊಂದೇ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರ ಮೊದಲ ಹಾರಾಟದಲ್ಲಿ 12 ಸೆಕೆಂಡಿಗೆ ಕ್ರಮಿಸಿದ್ದು 120 ಅಡಿ, ಮನುಷ್ಯ ಓಡಿಯೇ ಹಿಂದಿಕ್ಕಬಹುದಾದ ವೇಗ. ಆದರೆ ಗಂಟೆಗೆ 30 ಕಿ.ಮೀ.ಗೂ ಮಿಕ್ಕ ಎದುರುಗಾಳಿ ಬೀಸುತ್ತಿದ್ದುದರಿಂದಲೇ ಅದರ ರೆಕ್ಕೆಗೆ ಸಾಕಷ್ಟು ಆಸರೆ ದೊರೆಯಿತು.

ಇಂದಿನ ಪ್ರಯಾಣಿಕ ಜೆಟ್‌ಗಳು ಸುಮಾರು 11 ಕಿ.ಮೀ. ಎತ್ತರದಲ್ಲಿ ಗಂಟೆಗೆ 900 ಕಿ.ಮೀ.ಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಅಲ್ಲಿನ ಕೊರೆಯುವ ಚಳಿಯಲ್ಲಿ ಧ್ವನಿಯ ವೇಗವೇ ಗಂಟೆಗೆ ಸುಮಾರು 1,060 ಕಿ.ಮೀ. ಅದನ್ನು ಸಮೀಪಿಸುತ್ತಿದ್ದಂತೆ ರೆಕ್ಕೆಯ ಮೇಲೆ ಆಘಾತ ತರಂಗಗಳೆದ್ದು ಎಳೆತ, ಅಂದರೆ ವಿಮಾನವನ್ನು ಹಿಂದಕ್ಕೆ ತಡೆಯುವ ಗಾಳಿಯ ಬಲ, ಥಟ್ಟನೆ ಏರುತ್ತದೆ, ಇಂಧನದ ಖರ್ಚೂ ಅದರ ಬೆನ್ನಿಗೇ. ಧ್ವನಿಯ ಎರಡು ಪಟ್ಟು ವೇಗದ ಪ್ರಯಾಣಿಕ ವಿಮಾನ ಕಾಂಕಾರ್ಡ್ 2003ರಲ್ಲಿ ನಿಂತುಹೋದದ್ದಕ್ಕೆ ಆ ಖರ್ಚೂ ಒಂದು ಕಾರಣ.

ನಿನ್ನ ಪಟ್ಟಿಯಲ್ಲಿ ಮರುತ್ ಇಲ್ಲದ್ದು ನನಗೆ ಸರಿಬೀಳಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಬೆಂಗಳೂರಿನಲ್ಲೇ ಕುಳಿತು ರೂಪಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಆ ಯುದ್ಧವಿಮಾನ ಧ್ವನಿಯ ಎರಡು ಪಟ್ಟು ಓಡಬೇಕಿತ್ತು. ತಕ್ಕ ಎಂಜಿನ್ ಸಿಗದೆ ಧ್ವನಿಯ ವೇಗದ ಹತ್ತಿರದಲ್ಲೇ ಉಳಿಯಿತು. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ಮರುತ್ ಇದೆ. ಬಿಡುವಿನ ಭಾನುವಾರ ಹೋಗಿ, ಅದರ ರೆಕ್ಕೆ ಎಷ್ಟು ತೆಳುವಾಗಿದೆ, ಎಷ್ಟು ಹಿಂದಕ್ಕೆ ಬಾಗಿದೆ ಎಂದು ಕಣ್ಣಾರೆ ನೋಡಿ, ಹಾಗೇಕೆ ಮಾಡಿದ್ದಾರೆಂದು ಪುಸ್ತಕ ತೆರೆಯದೆ ನನಗೆ ಬರೆ.

ಇತಿ ನಿನ್ನ ಮಾವ