ಅಮ್ಮ ಗುರುತು ಹಿಡಿದ ಅಗಳ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಸಾಗರದ ಕಡೆಯವನು. ಈಗ ಇರುವುದು ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ, ನಿಮ್ಮ ಕ್ಷೇತ್ರದಲ್ಲೇ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆ ಅಂತ ನನಗೂ ಇಲ್ಲಿ ವೋಟಿದೆ. ಹಳೇ ಪಾರ್ಕುಗಳಲ್ಲಿ ಕಟ್ಟುವ ಅರ್ಜಿ ಬಂದಾಗ, ಅವನ್ನು ಬಲ್ಲ ಗಾರ್ಡನ್ಸ್ ಟ್ರಸ್ಟ್ ಅನ್ನುವ ಸಂಸ್ಥೆಯನ್ನು ಕೇಳುವ ನಿಯಮ ಉಳಿಯಲಿ ಅಂತ ಈ ಪತ್ರ. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಇದನ್ನು ಕನ್ನಡದಲ್ಲಿ ಬರೆದಿದ್ದು, ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಇಲ್ಲಿನ ಪಾರ್ಕುಗಳಿಗೆ ಹೋಗುವ ನಮ್ಮವರೂ ಓದಲಿ ಅಂತ.

ಹೋದ ಬೇಸಿಗೆಯಲ್ಲಿ ಊರಿಂದ ಅಮ್ಮ ಬಂದಿದ್ದರು. ಕ್ರೂಮ್ ಕೋರ್ಟ್ ನೋಡಲು ಕರೆದುಕೊಂಡು ಹೋದೆ. ಕೋರ್ಟ್ ಅಂದರೆ ಇಲ್ಲಿ ದೊರೆಗಳ ಹಳೇ ಬಂಗಲೆ, ಸುತ್ತ ದೊಡ್ಡ ಪಾರ್ಕು. ಎದುರಿಗೆ ಹುಲ್ಲಿನ ಇಳಿಜಾರು, ಅಲ್ಲೊಂದು ಇಲ್ಲೊಂದು ದೊಡ್ಡ ಮರ, ಮೇಯುವ ಕುರಿಗಳು. "ಇದೇನೋ, ಹುಲ್ಲು ನೋಡೋಕೂ ಟಿಕೆಟಾ? ನಮ್ಮ ಬೇಣದ ಹಾಗೇ ಇದೆಯಲ್ಲೋ" ಅಂದರು. ಮನೆ ಕಡೆಯಿಂದ ನೋಡಿದರೆ ಹುಲ್ಲು ಎಲ್ಲೂ ಕಡಿಯದೆ ಹಾಸಿಕೊಂಡ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಕಾಲ ಬುಡದಲ್ಲೇ ಕಂದಕ, ಅದರ ಒಂದು ಬದಿಗೆ ಗೋಡೆ. ಅಮ್ಮ ಬಗ್ಗಿ ನೋಡಿ, "ಓ, ಅಗಳ! ದನ ಒಳಗೆ ಬರಬಾರದು ಅಂತ ಹೊಡೆಸಿದ್ದು" ಅಂದರು. ಇಲ್ಲಿನವರು ಅದನ್ನು 'ಹಾಹಾ' ಅನ್ನುತ್ತಾರೆ. ಕಿಟಕಿಯಲ್ಲಿ ನಿಂತ ದೊರೆಗೆ ಬೇಲಿ ಕಾಣಬಾರದು, ದನ ಮಾತ್ರ ದಾಟಬಾರದು. ನಾನು ನಾಲ್ಕೈದು ಸಲ ಹೋಗಿದ್ದರೂ ಅದೇಕೆ ಇದೆ ಅಂತ ಯೋಚಿಸಿರಲಿಲ್ಲ. ಅಡಿಕೆ ತೋಟದ ಸುತ್ತ ಅಗಳ ನೋಡಿ ಬೆಳೆದ ಅಮ್ಮನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಅಲ್ಲಿನ ಹೊಳೆಯೂ ತೋಡಿದ್ದೇ ಅಂತ ಹೇಳಿದೆ. ಅವರು ನಂಬಲಿಲ್ಲ. ತೂಬು ಎಲ್ಲಿದೆ ಅಂತ ದಂಡೆಯುದ್ದಕ್ಕೂ ಹುಡುಕಿಕೊಂಡು ನಡೆದರು!

1751ರಲ್ಲಿ ಈ ಜಾಗ 6ನೇ ಅರ್ಲ್ ಆಫ್ ಕೊವೆಂಟ್ರಿ ಅನ್ನುವ ದೊರೆಯ ಕೈಗೆ ಬಂದಾಗ ಬರೀ ಜವುಗು. ಅವರು ಕರೆಸಿದ್ದು ಪಾರ್ಕು ರೂಪಿಸುವ ಲ್ಯಾನ್ಸ್‌ಲಾಟ್ ಬ್ರೌನ್‌ನನ್ನು. ಯಾರ ಜಮೀನು ನೋಡಿದರೂ "ಇದಕ್ಕೆ ಕೇಪಬಿಲಿಟಿ ಇದೆ", ಅಂದರೆ ಚೆಂದ ಮಾಡಬಹುದು, ಅನ್ನುತ್ತಿದ್ದನಂತೆ, ಹಾಗಾಗಿ 'ಕೇಪಬಿಲಿಟಿ ಬ್ರೌನ್' ಅಂತಲೇ ಹೆಸರು. ಇದು ಅವನ ಮೊದಲ ದೊಡ್ಡ ಕೆಲಸ. ನೆಲದಡಿ ಕಾಲುವೆ ಕಟ್ಟಿಸಿ ನೀರು ಬಸಿದ. ಆ ನೀರಿಗೆ ಕೆರೆ ತೋಡಿಸಿದ, ಸೆವರ್ನ್ ನದಿಯ ಹಾಗೆ ಬಳುಕುವ ಹೊಳೆಯನ್ನೂ ತೋಡಿಸಿದ. ಮನೆ ಪಕ್ಕದ ಹಳೇ ಚರ್ಚ್ ಕೆಡವಿ ಗುಡ್ಡದ ಮೇಲೆ ಹೊಸದು ಕಟ್ಟಿದರು, ದೂರದಿಂದ ಚೆನ್ನಾಗಿ ಕಾಣಲಿ ಅಂತ. ಹಳ್ಳಿಯನ್ನೂ ಎಬ್ಬಿಸಿದರು. ಅರ್ಲ್ ಮೇಲೆ ನನಗೇನೂ ಪ್ರೀತಿಯಿಲ್ಲ. ಒಬ್ಬರ ಕಿಟಕಿ ನೋಟಕ್ಕಾಗಿ ಊರು ಎಬ್ಬಿಸುವುದು ಯಾವ ದೇಶದಲ್ಲಾದರೂ ದಬ್ಬಾಳಿಕೆಯೇ. ಆದರೆ ಗುದ್ದಲಿ ಹಿಡಿದು ಆ ಹೊಳೆ ತೋಡಿದವರು ಕೂಲಿಯವರು. ಇವತ್ತು ಅದರ ದಂಡೆಯಲ್ಲಿ ಕೂತು ನಾವು ಚಿತ್ರಾನ್ನ ತಿನ್ನುತ್ತೇವೆ.

ನೆಟ್ಟಗೆ ಉಳಿದಿದ್ದೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಪಕ್ಕದಲ್ಲೇ ಡೆಫರ್ಡ್ ವಿಮಾನ ನಿಲ್ದಾಣ ಬಂತು, ಅಲ್ಲಿ ರೇಡಾರ್ ಪರೀಕ್ಷೆ ನಡೆಯುತ್ತಿತ್ತು. 1948ರಲ್ಲಿ ಮನೆ ಮಾರಾಟವಾಗಿ ಹುಡುಗರ ಶಾಲೆಯಾಯಿತು. 1979ರಿಂದ 1984ರವರೆಗೆ ಇದ್ದವರು ಹರೇ ಕೃಷ್ಣ ಪಂಥದವರು. ಊಟದ ಕೋಣೆಯ ಗಾರೆ ಕೆತ್ತನೆಗೆ ಅವರು ಬಳಿದ ಗಾಢ ಬಣ್ಣ ಈಗಲೂ ಹಾಗೇ ಇದೆ. ಅಮ್ಮನಿಗೆ ಇಡೀ ಮನೆಯಲ್ಲಿ ಇಷ್ಟವಾಗಿದ್ದು ಅದೊಂದೇ. ಹೊರಗೆ ಪಾರ್ಕಿನ ಎಷ್ಟೋ ಭಾಗ ಉತ್ತು ಹೊಲ ಮಾಡಿದ್ದರು. ಕೆರೆ, ಹೊಳೆ ಹೂಳು ತುಂಬಿದ್ದವು. 1960ರ ದಶಕದಲ್ಲಿ ಎಂ5 ಮೋಟರ್‌ವೇ ಪಾರ್ಕನ್ನೇ ಕತ್ತರಿಸಿಕೊಂಡು ಹೋಯಿತು. ನೋಟಕ್ಕಾಗಿಯೇ ಕಟ್ಟಿದ ಪನೋರಮಾ ಟವರ್ ಈಗ ರಸ್ತೆಯ ಆ ಕಡೆ, ಮನೆ ಈ ಕಡೆ. 1996ರಲ್ಲಿ ಹಳೇ ಮನೆ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸುಮಾರು 670 ಎಕರೆ ಕೊಂಡು ಹೂಳೆತ್ತಿಸಿತು, ಗಿಡ ನೆಡಿಸಿತು. ಹೂಳೆತ್ತಬಹುದು. ಮೋಟರ್‌ವೇ ಎತ್ತಲಾಗುವುದಿಲ್ಲ, ಅಲ್ವಾ?

ಆ ರಸ್ತೆ ಬಂದಾಗ ಇಂಗ್ಲೆಂಡಿನಲ್ಲಿ ಇಂಥ ಪಾರ್ಕುಗಳ ಸರ್ಕಾರಿ ಪಟ್ಟಿಯೇ ಇರಲಿಲ್ಲ. ಅದು ಶುರುವಾಗಿದ್ದು 1980ರ ದಶಕದಲ್ಲಿ. ಈಗ ಅದರಲ್ಲಿ ಸುಮಾರು 1,700 ಜಾಗಗಳಿವೆ. ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಅಲ್ಲಿ ಕಟ್ಟಲೇಬಾರದು ಅಂತಿಲ್ಲ. ಕಟ್ಟುವ ಅರ್ಜಿ ಬಂದರೆ ಕೌನ್ಸಿಲ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ತಿಳಿದವರನ್ನು ಕೇಳಬೇಕು, ಅಷ್ಟೇ. 1995ರಿಂದ ಹಾಗೆ ಕೇಳಲೇಬೇಕಾದ ಸಂಸ್ಥೆ ಈಗಿನ ಗಾರ್ಡನ್ಸ್ ಟ್ರಸ್ಟ್, ಮೊದಲು ಅದು ಗಾರ್ಡನ್ ಹಿಸ್ಟರಿ ಸೊಸೈಟಿ. 2025ರ ಮಾರ್ಚ್‌ನಲ್ಲಿ ಸರ್ಕಾರ, ಮನೆ ಕಟ್ಟುವ ಕೆಲಸ ತಡವಾಗುತ್ತಿದೆ ಅಂತ ಹೇಳಿ, ಕೇಳಲೇಬೇಕಾದವರ ಸಾಲಿನಿಂದ ಟ್ರಸ್ಟಿನ ಹೆಸರನ್ನು ಕೈಬಿಡುವ ಯೋಚನೆ ಮುಂದಿಟ್ಟಿತು.

ಮನೆ ಬೇಕು ಅನ್ನುವುದು ನನಗೂ ಗೊತ್ತು. ನಾನೇ ಬಾಡಿಗೆ ಮನೆಯಲ್ಲಿದ್ದೇನೆ. ಆದರೆ ಅಭಿಪ್ರಾಯ ಹೇಳಲು ಟ್ರಸ್ಟಿಗೆ ಇರುವುದು 21 ದಿನ. ತಡವಾದರೆ ಆ ಗಡುವನ್ನು ಬಿಗಿ ಮಾಡಿ, ಕೇಳುವುದನ್ನೇ ಯಾಕೆ ನಿಲ್ಲಿಸಬೇಕು?

ಕ್ರೂಮ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅದು ಪಟ್ಟಿಯ ಅತಿ ಮೇಲಿನ ದರ್ಜೆ, ಗ್ರೇಡ್ 1. ಅಲ್ಲಿ ಸರ್ಕಾರದ ಪರಂಪರೆ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಅನ್ನೂ ಕೇಳಲೇಬೇಕು. ಪಟ್ಟಿಯಲ್ಲಿ ಜಾಸ್ತಿ ಇರುವುದು ಗ್ರೇಡ್ 2 ಜಾಗಗಳು. ಅವುಗಳ ಪಾಲಿಗೆ ಕೇಳಲೇಬೇಕಾದ ತಜ್ಞರು ಗಾರ್ಡನ್ಸ್ ಟ್ರಸ್ಟ್ ಒಂದೇ. ಅಂಥ ಕಡೆ ಅರ್ಜಿ ನೋಡುವ ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಅವರ ಮುಂದಿರುವುದು ನಕ್ಷೆ. ನಕ್ಷೆಯಲ್ಲಿ ಅದು ಬರೀ ಹುಲ್ಲು, ಖಾಲಿ ಜಾಗ. ನಾಲ್ಕೈದು ಸಲ ಅಗಳದ ಮೇಲೇ ನಿಂತು ನನಗೇ ಕಾಣದ್ದು ಅವರಿಗೆ ಆಫೀಸಿನಲ್ಲಿ ಕೂತು ಕಂಡೀತಾ?

ಹಾಗಾಗಿ ನನ್ನ ಕೋರಿಕೆ ಒಂದೇ. ಕೊನೇ ಪಕ್ಷ ಗ್ರೇಡ್ 2 ಪಾರ್ಕುಗಳ ವಿಷಯದಲ್ಲಾದರೂ ಟ್ರಸ್ಟನ್ನು ಕೇಳುವ ನಿಯಮ ಉಳಿಯಲಿ ಅಂತ ಸಂಬಂಧಪಟ್ಟ ಮಂತ್ರಿಗಳಿಗೆ ನೀವು ಬರೆಯಬೇಕು. ಬರೆಯುತ್ತೀರಾ ಇಲ್ಲವಾ, ಅಷ್ಟು ತಿಳಿಸಿ. ಉತ್ತರ ಇಂಗ್ಲಿಷಿನಲ್ಲೇ ಇರಲಿ, ಅಮ್ಮನಿಗೆ ಫೋನಿನಲ್ಲಿ ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ