ನನಗೀಗ ಅಳು ಬರುವುದಿಲ್ಲ ಎಂದು ಬರೆದ ಮಗಳಿಗೆ

ಧಾರವಾಡ
27 ಜೂನ್ 2021

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ಆಶೀರ್ವಾದಗಳು. ನಿನ್ನ ಪತ್ರ ಗುರುವಾರ ಕೈಸೇರಿತು. ಇಲ್ಲಿಯ ಸುದ್ದಿಯನ್ನೆಲ್ಲ ನಿನ್ನ ಅವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ, ಮತ್ತೆ ಬರೆಯುವುದಿಲ್ಲ. ಈ ಕೊರೊನಾ ಕಾಲದಲ್ಲಿ ಬೆಟಗೇರಿಯ ಓಣಿಗಳಲ್ಲಿ ನೀವು ರೇಷನ್ ಕಿಟ್ ಹಂಚಿದ್ದು, ನೇಕಾರರ ಮನೆಗಳಲ್ಲಿ ಮಗ್ಗದ ಸದ್ದು ನಿಂತುಹೋಗಿರುವುದು, ಚರ್ಚಿನ ಸಭೆಯ ಹುಡುಗರು ಸರದಿಯ ಮೇಲೆ ಆಕ್ಸಿಜನ್ ಸಿಲಿಂಡರ್ ಹೊತ್ತದ್ದು, ಎಲ್ಲವನ್ನೂ ಓದಿದೆ. ಆದರೆ ಕೊನೆಯ ಪುಟದಲ್ಲಿ, ಮಾಸ್ಕಿನ ಲೆಕ್ಕಕ್ಕೂ ನಿನ್ನ ತಮ್ಮನ ಪರೀಕ್ಷೆಯ ಮಾತಿಗೂ ನಡುವೆ, ಒಂದು ಸಾಲು ಬರೆದಿದ್ದೀಯಲ್ಲ: "ನನಗೀಗ ಅಳು ಬರುವುದಿಲ್ಲ ದೊಡ್ಡವ್ವ, ದೇವರು ನನ್ನನ್ನು ಗಟ್ಟಿ ಮಾಡಿದ್ದಾನೆ ಅನಿಸುತ್ತದೆ." ಅದನ್ನು ಓದಿದಾಗಿನಿಂದ ನನಗೆ ನೆಟ್ಟಗೆ ನಿದ್ದೆ ಹತ್ತಿಲ್ಲ.

ನೀನು ಅದನ್ನು ಸಂತೋಷದ ಸುದ್ದಿಯೆಂದು ಬರೆದೆಯೋ, ಹೆದರಿ ಬರೆದೆಯೋ ನನಗೆ ತಿಳಿಯಲಿಲ್ಲ. ಅದರ ಮೇಲಿನ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಮಗನನ್ನು ಕಳೆದುಕೊಂಡ ತಾಯಿಯ ಮನೆಯ ಹೊಸ್ತಿಲಲ್ಲಿ ನಿಂತು ಬೈಬಲಿನ ಇಪ್ಪತ್ಮೂರನೆಯ ಕೀರ್ತನೆಯನ್ನು ಕಂಠಪಾಠದಂತೆ ಹೇಳಿ ಮುಗಿಸಿದೆ, ಹೊರಗೆ ಬಂದು ಕೈಗೆ ಸ್ಯಾನಿಟೈಸರ್ ಹಾಕಿಕೊಂಡೆ, ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ಮನೆಗೆ ಹೋದೆ ಎಂದಿದ್ದೀಯ. ಆ ತಾಯಿಯ ಮುಖ ಹೇಗಿತ್ತು ಎಂದು ರಾತ್ರಿ ನೆನಪಿಸಿಕೊಳ್ಳಲು ನೋಡಿದರೆ ನೆನಪಾಗಲಿಲ್ಲ ಎಂದೂ ಬರೆದಿದ್ದೀಯ. ಮಗಳೇ, ಚಿಕ್ಕವಳಿದ್ದಾಗ ನಮ್ಮ ಹಿತ್ತಲಲ್ಲಿ ಬೆಕ್ಕಿನ ಮರಿ ಸತ್ತಿತೆಂದು ಮಧ್ಯಾಹ್ನದ ಊಟ ಬಿಟ್ಟವಳು ನೀನು. ಅದಕ್ಕೇ ನನಗೆ ಇಷ್ಟು ದಿಗಿಲು.

ಇದನ್ನು ವಿಶ್ವಾಸದ ಬಲವೆಂದು ತಿಳಿಯಬೇಡ. ವಿಶ್ವಾಸ ಕುಂದಿದ ಗುರುತೆಂದೂ ತಿಳಿಯಬೇಡ. ದವಾಖಾನೆಗಳಲ್ಲಿ ಕೆಲಸ ಮಾಡಿದ ನಮಗೆ ಇದು ಗೊತ್ತು. ತಡೆಯಲಾರದಷ್ಟು ಸಾವುಗಳನ್ನು ಬೆನ್ನುಬೆನ್ನಿಗೆ ನೋಡಿದಾಗ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಮರಗಟ್ಟುತ್ತದೆ. ಆಘಾತ ತಟ್ಟುವುದು ಸತ್ತವರ ಮನೆಯವರಿಗೆ ಮಾತ್ರವಲ್ಲ, ಅವರ ಮಾತು ಕೇಳುತ್ತ ಕೂತವರಿಗೂ ತಟ್ಟುತ್ತದೆ. ನಿದ್ದೆ ಕೆಡುವುದು, ಆಂಬುಲೆನ್ಸಿನ ಸದ್ದಿಗೆ ಎದೆ ಡವಗುಟ್ಟುವುದು, ಮನೆಯವರ ಮೇಲೆ ಕಾರಣವಿಲ್ಲದೆ ಸಿಟ್ಟು ಬರುವುದು, ಅದರ ಜೊತೆಗೆ ಈ ಬರಡುತನ. ನಿನಗೆ ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ನೀನು ಬರೆದಿಲ್ಲ. ಬರೆ.

ನನ್ನ ಮಾತು ಹೇಳುತ್ತೇನೆ, ಇದನ್ನು ನಿನ್ನ ಅವ್ವನಿಗೂ ಪೂರ್ತಿ ಹೇಳಿಲ್ಲ. ನಾನು ಹೊಸದಾಗಿ ನರ್ಸ್ ಆಗಿದ್ದ ಕಾಲ, ಬರಗಾಲದ ಬೇಸಿಗೆ. ಹಳ್ಳಿಗಳಿಂದ ವಾಂತಿಭೇದಿಯವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ತರುತ್ತಿದ್ದರು. ವಾರ್ಡು ತುಂಬಿ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದೆವು. ನೀರು ಆರಿದ ಮಗುವಿನ ತೋಳಿನಲ್ಲಿ ನರ ಸಿಗುವುದಿಲ್ಲ. ಬೆರಳಿನಿಂದ ತಟ್ಟಿ, ಬಿಸಿನೀರಿನ ಬಟ್ಟೆ ಇಟ್ಟು, ಮತ್ತೆ ತಟ್ಟಿ ಹುಡುಕಬೇಕು. ಹುಡುಕುತ್ತಿರುವಾಗಲೇ ತೋಳು ತಣ್ಣಗಾಗುತ್ತಿತ್ತು. ಸೂಜಿ ತೆಗೆದು ಪಕ್ಕದ ಚಾಪೆಗೆ ಹೋಗುತ್ತಿದ್ದೆ. ಹಿಂದಿನಿಂದ ತಾಯಿ ಬಾಯಿ ಬಡಿದುಕೊಳ್ಳುವುದು ಕೇಳಿಸುತ್ತಿತ್ತು, ನಾನು ಮಾತ್ರ ಸಲೈನ್ ಹನಿಗಳನ್ನು ಎಣಿಸುತ್ತಿದ್ದೆ. ಆ ಬೇಸಿಗೆಯಲ್ಲಿ ನನ್ನ ಅಳು ನಿಂತಿತು. ಎಲ್ಲರೂ ಮೆಚ್ಚಿಕೊಂಡರು. ಗಟ್ಟಿಗಿತ್ತಿ ಎಂದರು. ಮಳೆ ಬಂತು, ರೋಗ ಇಳಿಯಿತು, ಅಳು ಮಾತ್ರ ಹಿಂದಿರುಗಲಿಲ್ಲ.

ಆಮೇಲೆ ನನಗೆ ಮಕ್ಕಳಾದವು. ನಿನ್ನ ಅಕ್ಕ ಸಣ್ಣವಳಿದ್ದಾಗ ಮೆಟ್ಟಿಲ ಮೇಲಿಂದ ಬಿದ್ದು ಹಣೆ ಒಡೆದುಕೊಂಡಳು. ನಾನು ಗಾಯ ನೋಡಿದೆ, ಹೊಲಿಗೆ ಎಷ್ಟು ಬೇಕೆಂದು ನೋಡಿದೆ. ಮಗು ನನ್ನ ಕೈಯಿಂದ ಜಾರಿಕೊಂಡು ಪಕ್ಕದ ಮನೆಯ ಅಜ್ಜಿಯ ಸೆರಗಿಗೆ ಮುಖ ಒತ್ತಿ ಅತ್ತಿತು. ಅವಳಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ, ಆ ದಿನ ಇನ್ನೂ ನೆನಪಿದೆ ಎನ್ನುತ್ತಾಳೆ. ನಿಮ್ಮ ದೊಡ್ಡಪ್ಪ ತೀರಿಕೊಂಡಾಗ ಸಮಾಧಿಯ ಹತ್ತಿರ ನಾನು ಅಳಲಿಲ್ಲ. ಎಂಥ ವಿಶ್ವಾಸಿ, ಎಂಥ ಸಾಕ್ಷಿ ಎಂದು ಸಭೆಯವರು ನನ್ನ ಕೈ ಹಿಡಿದುಕೊಂಡು ಹೇಳಿದರು. ನನಗೆ ಒಳಗೆ ಏನೂ ಆಗುತ್ತಿರಲಿಲ್ಲ. ಅಷ್ಟು ವರ್ಷ ನನ್ನೊಂದಿಗೆ ಬಾಳಿದ ಮನುಷ್ಯನನ್ನು ಮಣ್ಣಿಗೆ ಇಳಿಸುವಾಗ ಹೂವಿನ ಹಾರ ಓರೆಯಾಗಿದೆಯಲ್ಲ ಎಂದಷ್ಟೇ ಯೋಚಿಸುತ್ತಿದ್ದೆ. ಆ ಬೇಸಿಗೆ ಕಳೆದ ಮೇಲೆ ಯಾರಾದರೂ ನನ್ನನ್ನು ಕೂರಿಸಿಕೊಂಡು "ನೀನು ಹೇಗಿದ್ದೀ?" ಎಂದು ಕೇಳಿದ್ದರೆ ನನ್ನ ಮಕ್ಕಳ ಬಾಲ್ಯ ನನಗೆ ಸಿಗುತ್ತಿತ್ತೇನೋ. ಈ ಕೊರಗು ಇನ್ನು ತೀರುವಂಥದ್ದಲ್ಲ. ನಿನ್ನ ಸಾಲು ಓದಿ ನಾನು ಏಕೆ ನಡುಗಿದೆ ಎಂದು ಈಗ ತಿಳಿದಿರಬೇಕು.

ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮಿಷನ್ನಿನವರ ಆಶ್ರಯಕ್ಕೆ ಬಂದ ನಮ್ಮ ಮುತ್ತಜ್ಜಿಯ ಕಥೆ ನಿನಗೆ ಗೊತ್ತೇ ಇದೆ. ಆದರೆ ನನ್ನ ಅಜ್ಜಿ ಹೇಳುತ್ತಿದ್ದ ಒಂದು ಮಾತು ನಿನ್ನವರೆಗೆ ಬಂದಿದೆಯೋ ಇಲ್ಲವೋ. 1876-78ರ ಆ ಬರ ಕಳೆದು, ಮನೆಯಲ್ಲಿ ಜೋಳದ ಚೀಲ ತುಂಬಿದ್ದರೂ, ಮುತ್ತಜ್ಜಿ ಸಾಯುವವರೆಗೆ ದಿಂಬಿನ ಕೆಳಗೆ ಒಂದು ಒಣರೊಟ್ಟಿ ಇಟ್ಟುಕೊಂಡೇ ಮಲಗುತ್ತಿದ್ದಳಂತೆ. ತೆಗೆದರೆ ಮಾತು ಬಿಡುತ್ತಿದ್ದಳಂತೆ. ಬರದ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಆಕೆಯ ಪ್ರಾರ್ಥನೆ ಇಡೀ ಓಣಿಗೆ ಹೆಸರಾಗಿತ್ತು. ಪ್ರಾರ್ಥನೆ ಮಾಡುವವರಿಗೆ ಇಂಥ ಗಾಯ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆ ತಾಯಿ ನಿನ್ನನ್ನು ಕೇಳಿದಳಲ್ಲ, "ನಮ್ಮ ಯಾವ ಪಾಪಕ್ಕೆ ಹೀಗಾಯಿತು?" ಎಂದು. ನೀನು ಉತ್ತರ ಕೊಡಲಾಗದೆ ವಚನ ಹೇಳಿದೆ ಎಂದಿದ್ದೀಯ. ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಎಣಿಸುತ್ತೀರಾ ಎಂದು ಯೇಸುವೇ ಕೇಳಿ, ಇಲ್ಲವೆಂದನು. ಅಷ್ಟು ಹೇಳು, ಸಾಕು. ದೇವರ ಚಿತ್ತ ಎಂಬ ಮಾತನ್ನು ಈಗ ಆಕೆಯ ಮುಂದೆ ಎತ್ತಬೇಡ. ಅದು ಮುಂದೆ ಯಾವತ್ತೋ ಆಕೆಯ ಬಾಯಿಂದಲೇ ಬಂದರೆ ಬರಲಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಇನ್ನೊಂದು ಮಾತು. ಹುಡುಗ ಹೇಗೆ ಸತ್ತ, ಕೊನೆಯಲ್ಲಿ ಏನಾಯಿತು ಎಂದು ಕೆದಕಬೇಡ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಜನರನ್ನು ಒತ್ತಾಯಿಸಿ ಮಾತನಾಡಿಸುವುದು ಒಳ್ಳೆಯದಲ್ಲ ಎಂದು ಈಗಿನ ವೈದ್ಯರು ಹೇಳುತ್ತಾರೆ. ಅವರಾಗಿ ಹೇಳಿದರೆ ಕೇಳು. ಅದಕ್ಕಿಂತ ಮೊದಲು ಒಲೆ ಹತ್ತಿದೆಯೇ, ಮಕ್ಕಳು ಉಂಡವೇ ಎಂದು ನೋಡು. ಮರಣ ಪ್ರಮಾಣ ಪತ್ರಕ್ಕೆ ಓಡಾಡುವವರು ಯಾರೂ ಇಲ್ಲದಿದ್ದರೆ ಸಭೆಯ ಒಬ್ಬ ಹುಡುಗನನ್ನು ಜೊತೆಗೆ ಕಳಿಸು. ಕೊರೊನಾದಿಂದ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಈ ತಿಂಗಳು ಹೇಳಿದೆಯಲ್ಲ, ಅದಕ್ಕೂ ಕಾಗದಗಳು ಬೇಕಾಗುತ್ತವೆ. ಇದೂ ಸಾಂತ್ವನವೇ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಪಡಬೇಡ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಅಳು ಬರುತ್ತಿಲ್ಲವೆಂದರೆ ದೇವರ ಮುಂದೆ ಬರಿಗೈಯಲ್ಲಿ ನಿಂತಂತೆ ನಿನಗೆ ಅನಿಸುತ್ತಿರಬಹುದು. ಎಂಬತ್ತೆಂಟನೆಯ ಕೀರ್ತನೆಯನ್ನು ಓದು. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವುಗಳಲ್ಲಿ ಕೊನೆಗಾದರೂ ಒಂದು ಸ್ತುತಿಯ ಮಾತು ಬರುತ್ತದೆ. ಇದರಲ್ಲಿ ಅದೂ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಅಷ್ಟು ಬರಿದಾದ ಮನುಷ್ಯನೂ ದೇವರ ಮುಂದೆ ನಿಲ್ಲಬಹುದು. ಪ್ರವಾದಿ ಎಲೀಯನನ್ನೂ ನೆನಪು ಮಾಡಿಕೊ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದವನು ಕೆಲವೇ ದಿನಗಳಲ್ಲಿ ಪ್ರಾಣ ಸಾಕಾಗಿ ಅಡವಿಯ ಗಿಡದ ಕೆಳಗೆ ಬಿದ್ದುಕೊಂಡ. ದೇವದೂತನು ಬಂದು ಬುದ್ಧಿ ಹೇಳಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಉಂಡು ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ದೇವರು ಪ್ರಶ್ನೆ ಕೇಳಿದ್ದು ಎಷ್ಟೋ ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನೀನು ಈಗ ಆ ಗಿಡದ ಕೆಳಗೆ ಇದ್ದೀಯ ಎಂದು ನನಗೆ ಅನಿಸುತ್ತದೆ, ಕರ್ಮೆಲಿನಲ್ಲೇ ಇದ್ದೇನೆಂದು ನೀನು ತಿಳಿದಿದ್ದೀಯ.

ಆದ್ದರಿಂದ ಒಂದೆರಡು ವಾರ ಮನೆಗಳಿಗೆ ಹೋಗಬೇಡ ಎಂದು ಕೇಳಿಕೊಳ್ಳುತ್ತೇನೆ. ಕಿಟ್ ಕಟ್ಟುವ ಕೆಲಸ ಮಾಡು, ಲೆಕ್ಕ ಬರೆ. ಮತ್ತೆ ಹೋಗುವಾಗ ಒಬ್ಬಳೇ ಹೋಗಬೇಡ, ಇಬ್ಬರಾಗಿ ಹೋಗಿ. ಮನೆಗೆ ಬಂದ ಮೇಲೆ ಆ ದಿನ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ, ಆಮೇಲೆ ಪ್ರಾರ್ಥನೆ ಮಾಡಿ. ಪ್ರಾರ್ಥನೆಯನ್ನೇ ಮೊದಲು ಮಾಡಿ ಎದ್ದುಬಿಟ್ಟರೆ ಹೇಳಬೇಕಾದದ್ದು ಒಳಗೇ ಉಳಿಯುತ್ತದೆ. ನನಗೆ ಹಾಗೆ ಆಗುತ್ತಿತ್ತು. ನಿನ್ನ ಕೆಲಸಕ್ಕೆ ಅಡ್ಡಿ ಮಾಡುವ ಹಕ್ಕು ನನಗಿಲ್ಲ. ಅಷ್ಟು ಮನೆಗಳು ಕಾಯುತ್ತಿರುವಾಗ ನೀನು ಕೂರುವುದು ಎಷ್ಟು ಕಷ್ಟ ಎಂದೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ಇನ್ನೊಂದು ತಿಂಗಳಾದರೂ ಹೀಗೇ ಇದ್ದರೆ, ನಿದ್ದೆ ಬರದಿದ್ದರೆ, ಬದುಕೇ ಬೇಡ ಅನಿಸುವ ಯೋಚನೆ ಒಮ್ಮೆ ಸುಳಿದರೂ ಆ ದಿನವೇ, ವೈದ್ಯರನ್ನು ಕಾಣಬೇಕು. ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನು ಮಾಡಿದರೂ ಆಪ್ತಸಲಹೆ ಕೊಡುತ್ತಾರೆ. ಇಲ್ಲಿ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜನ ಅದನ್ನು ಇನ್ನೂ ಹುಚ್ಚರ ಆಸ್ಪತ್ರೆ ಎನ್ನುತ್ತಾರೆ. ನಿಮ್ಮ ದೊಡ್ಡಪ್ಪ ಹೋದ ಮೇಲೆ ನಾನೂ ಅಲ್ಲಿಗೆ ಹೋದೆ. ಸಭೆಯವರು ಯಾರಾದರೂ ನೋಡಿಯಾರೆಂದು ಕೊಡೆಯನ್ನು ತಗ್ಗಿಸಿ ಹಿಡಿದುಕೊಂಡು ಗೇಟು ದಾಟಿದೆ. ಒಳಗೆ ಕೂತಿದ್ದ ಎಳೆಯ ಡಾಕ್ಟರು, ನಿನಗಿಂತ ಸ್ವಲ್ಪ ದೊಡ್ಡವಳು, ನನ್ನ ಚೀಟಿ ಪಕ್ಕಕ್ಕಿಟ್ಟು "ಊಟ ಮಾಡಿ ಬಂದಿರಾ ಅಮ್ಮಾ?" ಎಂದಳು. ಅಷ್ಟು ವರ್ಷಗಳ ಮೇಲೆ ಅಳು ಬಂದದ್ದು ಆ ಕುರ್ಚಿಯಲ್ಲಿ. ಗುಳಿಗೆ ತೆಗೆದುಕೊಂಡೆ, ಮಾತನಾಡಲು ಹೋಗುತ್ತಿದ್ದೆ. ಅದರಿಂದ ನನ್ನ ಪ್ರಾರ್ಥನೆಗೆ ಕುಂದು ಬರಲಿಲ್ಲ. ತಡವಾಗಿ ಹೋದೆನಲ್ಲ ಎಂಬುದಷ್ಟೇ ನನ್ನ ದುಃಖ.

ಆ ತಾಯಿಯ ಬಗ್ಗೆ ಒಂದು ಮಾತು ಮರೆತಿದ್ದೆ. ಮಗನ ಮೇಲೆ ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ನೋಡಿದೆ ಎಂದು ಆಕೆ ಹೇಳಿದ್ದನ್ನು ನೀನು ಬರೆದಿದ್ದೆ. ಈಗ ನಿರ್ಬಂಧ ಸಡಿಲಾಗಿದೆ. ಸಭಾಪಾಲಕರನ್ನು ಕೇಳಿ, ಮನೆಯವರಷ್ಟೇ ಸೇರಿ ಸಮಾಧಿಯ ಹತ್ತಿರ ಒಂದು ಸಣ್ಣ ಪ್ರಾರ್ಥನೆ ಇಡಿಸು. ಆಕೆ ತನ್ನ ಕೈಯಾರೆ ಮಣ್ಣು ಹಾಕಲಿ. ಓಣಿಯಲ್ಲಿ ನಮ್ಮವರಲ್ಲದವರ ಮನೆಗಳಲ್ಲೂ ಇದೇ ಸಂಕಟ ಇದೆಯಲ್ಲ. ಅಲ್ಲಿ ನೆರೆಯವಳಾಗಿ ಹೋಗು. ಅವರು ಪ್ರಾರ್ಥಿಸು ಎಂದರೆ ಪ್ರಾರ್ಥಿಸು, ಇಲ್ಲವೆಂದರೆ ಸುಮ್ಮನೆ ಕೂತು ಬಾ. ದುಃಖದಲ್ಲಿರುವವರ ಹತ್ತಿರ ಬೇರೆ ಯಾವ ಉದ್ದೇಶವನ್ನೂ ಇಟ್ಟುಕೊಂಡು ಹೋಗಬಾರದು.

ಬಸ್ಸುಗಳು ಮತ್ತೆ ಓಡುತ್ತಿವೆ. ಎಂಟು ದಿನದ ಮಟ್ಟಿಗೆ ಇಲ್ಲಿಗೆ ಬಾ. ನನ್ನ ಎರಡೂ ಲಸಿಕೆ ಆಗಿವೆ, ಆ ಚಿಂತೆ ಬೇಡ. ನಿನ್ನನ್ನು ಏನೂ ಕೇಳುವುದಿಲ್ಲ, ಮಲಗಬೇಕೆನಿಸಿದರೆ ಮಲಗು. ಬರಲು ಸಭೆಯ ಕೆಲಸ ಅಡ್ಡವಾದರೆ ನಿಮ್ಮ ಸಭಾಪಾಲಕರಿಗೆ ನಾನೇ ಪತ್ರ ಬರೆಯುತ್ತೇನೆ. ನೀನು ಬೇಡವೆಂದರೆ ಬರೆಯುವುದಿಲ್ಲ. ಎರಡರಲ್ಲಿ ಒಂದನ್ನು ಬೇಗ ತಿಳಿಸು.

ಇಂತಿ,
ನಿನ್ನ ದೊಡ್ಡವ್ವ