ಕಾರಣ ಪತ್ತೆ ಮಾಡದೆ ಟರ್ಬೊ ಬದಲಿಸಿದ ಕುರಿತು ವರ್ಕ್‌ಶಾಪ್‌ಗೆ ದೂರು ಪತ್ರ

ಇವರಿಂದ:
ಕಾರಿನ ಮಾಲೀಕರು,
ಗೋಣಿಕೊಪ್ಪಲು, ಪೊನ್ನಂಪೇಟೆ ತಾಲ್ಲೂಕು,
ಕೊಡಗು ಜಿಲ್ಲೆ.

ಇವರಿಗೆ:
ವ್ಯವಸ್ಥಾಪಕರು,
ಕಾರು ದುರಸ್ತಿ ವಿಭಾಗ, ಮೈಸೂರು.

ವಿಷಯ: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ ಟರ್ಬೊವನ್ನು ಪರೀಕ್ಷಿಸದೆ ಬದಲಿಸಿ ಹಣ ಪಡೆದಿರುವುದು, ಮೂಲ ದೋಷ ಹಾಗೆಯೇ ಉಳಿದಿರುವುದು ಮತ್ತು ಕಳಚಿದ ಟರ್ಬೊವನ್ನು ಹಿಂದಿರುಗಿಸದಿರುವುದು.

ಮಾನ್ಯರೇ,

ನನ್ನ 2017ರ ಆಕ್ಟೇವಿಯಾ ಆರ್‌ಎಸ್ ಕಾರನ್ನು ಕಳೆದ ಮೇ ತಿಂಗಳಲ್ಲಿ ತಮ್ಮಲ್ಲಿ ದುರಸ್ತಿಗೆ ಬಿಟ್ಟಿದ್ದೆ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಪೂರ್ತಿ ಕೆಟ್ಟಿದೆ ಎಂದು ತಿಳಿಸಿ, ಅದನ್ನು ಬದಲಿಸಿ, ಬಿಡಿಭಾಗಕ್ಕೆ 1,48,000 ರೂಪಾಯಿ ಹಾಗೂ ಕೂಲಿಗೆ 22,000 ರೂಪಾಯಿ ಪಡೆದು ತಾವು ಕಾರನ್ನು ಒಪ್ಪಿಸಿದಿರಿ. ಯಾವ ತೊಂದರೆಗಾಗಿ ಕಾರು ತಮ್ಮಲ್ಲಿಗೆ ಬಂದಿತ್ತೋ ಅದೇ ತೊಂದರೆಯನ್ನು ಹೊತ್ತುಕೊಂಡು ಮನೆಗೆ ಮರಳಿತು. ಟರ್ಬೊದಿಂದ ಬಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಸೇರುವ ರಬ್ಬರ್ ಹೋಸ್ ಒಂದು ಕ್ಲ್ಯಾಂಪಿನ ಬುಡದಲ್ಲಿ ಸೀಳಿತ್ತೆಂದೂ ತೊಂದರೆಗೆಲ್ಲ ಅದೇ ಕಾರಣವೆಂದೂ ಆಮೇಲೆ ಮಂಗಳೂರಿನ ಬೇರೊಂದು ವರ್ಕ್‌ಶಾಪ್‌ನಲ್ಲಿ ತಿಳಿದುಬಂತು. ಆ ಹೋಸ್‌ಗೆ ತಗುಲಿದ ವೆಚ್ಚ ತಮ್ಮ ಕೂಲಿಯ ಅರ್ಧದಷ್ಟೂ ಇರಲಿಲ್ಲ.

ಜಾಬ್ ಕಾರ್ಡ್ ಬರೆಸುವಾಗ ನಾನು ಹೇಳಿದ್ದನ್ನು ಇಲ್ಲಿ ಮತ್ತೊಮ್ಮೆ ಬರೆಯುವುದು ಅಗತ್ಯ, ಏಕೆಂದರೆ ತಮ್ಮ ಜಾಬ್ ಕಾರ್ಡ್‌ನಲ್ಲಿ ಅದು ‘ಪಿಕಪ್ ಇಲ್ಲ’ ಎಂಬ ಎರಡು ಪದಗಳಿಗೆ ಇಳಿದಿದೆ. ಮಂಗಳೂರಿನಿಂದ ಹಿಂದಿರುಗುವಾಗ ಸಂಪಾಜೆ ದಾಟಿ ಮಡಿಕೇರಿಯ ಏರು ಹತ್ತತೊಡಗಿದ ಮೇಲೆ, ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ, ಮೊದಲು ಶೂ ಎಂಬ ಸದ್ದು ಕೇಳಿ, ಆಮೇಲೆ ಎಂಜಿನ್ ನಿಯಂತ್ರಣದ ದೋಷ ಸೂಚಿಸುವ ಇಪಿಸಿ ದೀಪ ಹೊತ್ತಿಕೊಂಡು ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುವ ಲಿಂಪ್ ಮೋಡಿಗೆ ಹೋಗುತ್ತದೆ. ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಸರಿಯಾಗಿ, ಮುಂದಿನ ಕಡಿದಾದ ಏರಿನಲ್ಲಿ ಮತ್ತೆ ಕೈಕೊಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ. ನಾನು ಹೇಳಿದ್ದು ಇಷ್ಟು. ಏರಿನಲ್ಲಿ ಮಾತ್ರ, ಪೂರ್ತಿ ಭಾರ ಬಿದ್ದಾಗ ಮಾತ್ರ, ಅದೂ ಸದ್ದಿನೊಂದಿಗೆ ಬರುವ ಈ ದೋಷದಲ್ಲೇ ಅದರ ಅರ್ಧ ಉತ್ತರವಿತ್ತು. ಅದನ್ನು ಬರೆದುಕೊಂಡಿದ್ದರೆ ತಮ್ಮ ತಂತ್ರಜ್ಞರಿಗೂ ಅದು ಕಾಣುತ್ತಿತ್ತು ಎಂದು ನನ್ನ ಭಾವನೆ.

ಸ್ಕ್ಯಾನರ್‌ನಲ್ಲಿ ಪಿ 0299 ಎಂಬ ಫಾಲ್ಟ್ ಕೋಡ್ ಬಂದಿದೆ, ಹಾಗಾಗಿ ಟರ್ಬೊ ಹೋಗಿದೆ ಎಂದು ತಮ್ಮ ಸರ್ವಿಸ್ ಅಡ್ವೈಸರ್ ನನಗೆ ಫೋನಿನಲ್ಲಿ ತಿಳಿಸಿದರು. ಆ ಕೋಡ್ ಹಾಗೆ ಹೇಳುವುದಿಲ್ಲ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಟರ್ಬೊದಿಂದ ಎಷ್ಟು ಬೂಸ್ಟ್ ಒತ್ತಡ ಕೇಳಿತೋ ಅಷ್ಟು ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಸಿಗದಿರಲು ಕಾರಣಗಳು ಹಲವು: ಟರ್ಬೊದಿಂದ ಇಂಟರ್‌ಕೂಲರ್‌ವರೆಗೆ ಅಥವಾ ಅಲ್ಲಿಂದ ಥ್ರಾಟಲ್‌ವರೆಗೆ ಗಾಳಿ ಸಾಗುವ ಪೈಪುಗಳಲ್ಲಿ ಸೋರಿಕೆ ಇರಬಹುದು, ಟರ್ಬೊವನ್ನು ತಿರುಗಿಸುವ ಹೊಗೆಯಲ್ಲಿ ಹೆಚ್ಚಾದುದನ್ನು ಬದಿಗೆ ಬಿಡುವ ವೇಸ್ಟ್‌ಗೇಟ್ ಸರಿಯಾಗಿ ಮುಚ್ಚದಿರಬಹುದು ಅಥವಾ ಅದನ್ನು ನಡೆಸುವ ಎಲೆಕ್ಟ್ರಿಕ್ ಆಕ್ಚುಯೇಟರ್ ಕೆಟ್ಟಿರಬಹುದು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚುವರಿ ಬೂಸ್ಟ್ ಬಿಡುವ ಡೈವರ್ಟರ್ ವಾಲ್ವ್ ಹಿಡಿತ ಕಳೆದುಕೊಂಡಿರಬಹುದು, ಒತ್ತಡ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿರಬಹುದು. ಟರ್ಬೊ ತಾನೇ ಸವೆದಿರುವುದು ಇವೆಲ್ಲವನ್ನೂ ನೋಡಿದ ಮೇಲೆ ಉಳಿಯುವ ಸಾಧ್ಯತೆ. ನಮ್ಮ ಕಡೆ ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಜೆಟ್‌ನಲ್ಲಿ ನೀರಿನ ಒತ್ತಡ ಇಳಿದರೆ ತೋಟದ ಕೆಲಸಗಾರರು ಮೊದಲು ಪೈಪಿನ ಜಾಯಿಂಟುಗಳನ್ನು ನೋಡಿಕೊಂಡು ಬರುತ್ತಾರೆಯೇ ಹೊರತು ಮೋಟಾರನ್ನು ಬಿಚ್ಚಲು ಕೂರುವುದಿಲ್ಲ.

ಸೋರಿಕೆ ಪತ್ತೆಗೆ ಸ್ಮೋಕ್ ಟೆಸ್ಟ್ ಎಂಬ ಸುಲಭ ಪರೀಕ್ಷೆಯಿದೆ. ಮಂಗಳೂರಿನಲ್ಲಿ ಮಾಡಿದ್ದು ಅದನ್ನೇ. ಗಾಳಿಯ ಮಾರ್ಗಕ್ಕೆ ಒತ್ತಡದಲ್ಲಿ ಹೊಗೆ ತುಂಬಿಸಿದಾಗ ಕೆಳಗಿನ ಹೋಸ್‌ನ ಬಾಯಿಯಿಂದ ಹೊಗೆ ಹೊರಬಂದುದನ್ನು ನಾನೇ ಕಂಡೆ. ಅದಕ್ಕೂ ಮುನ್ನ ಅಲ್ಲಿನ ತಂತ್ರಜ್ಞರು ನನ್ನನ್ನೂ ಕೂರಿಸಿಕೊಂಡು, ಸ್ಕ್ಯಾನರ್ ಜೋಡಿಸಿಕೊಂಡು ಏರುರಸ್ತೆಯಲ್ಲಿ ಕಾರನ್ನು ಓಡಿಸಿ, ಇಸಿಯು ಕೇಳಿದ ಒತ್ತಡ ಹಾಗೂ ಸಿಕ್ಕ ಒತ್ತಡ ಎರಡನ್ನೂ ದಾಖಲಿಸಿಕೊಂಡರು. ಕೇಳಿದ್ದು 2.1 ಬಾರ್ ಇದ್ದ ಕಡೆ ಸಿಕ್ಕಿದ್ದು 1.6 ಬಾರ್. ಇದು ತಾವು ಹಾಕಿದ ಹೊಸ ಟರ್ಬೊ ಇದ್ದಾಗಲೇ ಬಂದ ಅಳತೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಹೋಸ್ ಬದಲಿಸಿದ ಮೇಲೆ ಎರಡೂ ಅಳತೆಗಳು ಒಂದಕ್ಕೊಂದು ಹೊಂದಿಕೊಂಡವು. ಅಂದಿನಿಂದ ಸಂಪಾಜೆಯ ಏರಿನಲ್ಲೂ ಮಾಕುಟ್ಟದ ಏರಿನಲ್ಲೂ ಇಪಿಸಿ ದೀಪ ಹೊತ್ತಿಲ್ಲ.

ತಾವು ಕಾರನ್ನು ಒಪ್ಪಿಸುವಾಗ ‘ರೋಡ್ ಟೆಸ್ಟ್ ಓಕೆ’ ಎಂದು ಬರೆದಿದ್ದೀರಿ. ಆ ಟೆಸ್ಟ್ ಎಲ್ಲಿ ನಡೆಯಿತೆಂದು ಕೇಳಿದಾಗ ಮೈಸೂರಿನ ರಿಂಗ್ ರಸ್ತೆಯಲ್ಲಿ ಎಂಬ ಉತ್ತರ ಬಂತು. ಹಗುರವಾದ ಭಾರದಲ್ಲಿ ಓಡುವಾಗ ಪೈಪುಗಳೊಳಗೆ ಬೂಸ್ಟ್ ಅಷ್ಟಾಗಿ ಏರುವುದೇ ಇಲ್ಲ. ಸೀಳು ತನ್ನಷ್ಟಕ್ಕೆ ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಎಂಜಿನ್ ಪೂರ್ತಿ ಶಕ್ತಿ ಕೇಳಿದಾಗ ಒಳಗಿನ ಒತ್ತಡಕ್ಕೆ ಅದು ಬಾಯಿ ಬಿಡುತ್ತದೆ, ಸದ್ದು ಬರುವುದೂ ಆಗಲೇ. ಇದಲ್ಲದೆ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 13ರಷ್ಟು ಕಡಿಮೆ ಇರುತ್ತದೆ. ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಇಲ್ಲಿ ಇನ್ನೂ ವೇಗವಾಗಿ ತಿರುಗಬೇಕು. ಹೀಗಿರುವಾಗ ಸೋರಿಕೆಯೂ ಸೇರಿಕೊಂಡರೆ ಆ ಕೊರತೆ ತುಂಬಲು ಅದು ಮಿತಿ ಮೀರಿ ದುಡಿಯಬೇಕಾಗುತ್ತದೆ. ಎಂದರೆ, ತಾವು ಹೊಸದಾಗಿ ಹಾಕಿದ ಟರ್ಬೊವೇ, ಮೂಲ ದೋಷ ಹಾಗೆಯೇ ಇದ್ದುದರಿಂದ, ಮಂಗಳೂರಿಗೆ ಹೋಗುವವರೆಗೂ ಅನಗತ್ಯ ಶ್ರಮಕ್ಕೆ ಒಳಗಾಗಿದೆ. ಇದರ ಹೊಣೆ ಯಾರದು ಎಂಬುದಕ್ಕೆ ತಮ್ಮ ಲಿಖಿತ ಉತ್ತರ ಬೇಕು.

ತಮ್ಮ ದುರಸ್ತಿಯ ನಂತರ ದೋಷ ಮರುಕಳಿಸಿದ್ದು ಮೊದಲು ಮಾಕುಟ್ಟದ ಏರಿನಲ್ಲಿ, ಹಗಲು ಹೊತ್ತಿನಲ್ಲಿ. ಆದರೆ ಆಮೇಲೊಂದು ಸಂಜೆ ಹುಣಸೂರು ಕಡೆಯಿಂದ ಬರುವಾಗ, ಆನೆಚೌಕೂರು ದಾಟಿ ತಿತಿಮತಿ ತಲುಪುವ ಮುನ್ನ, ಕಾಡಿನ ನಡುವೆ ಲಾರಿಯೊಂದನ್ನು ಹಿಂದಿಕ್ಕುತ್ತಿರುವಾಗಲೇ ಎಂಜಿನ್ ಲಿಂಪ್ ಮೋಡಿಗೆ ಹೋಯಿತು. ಎದುರಿನಿಂದ ವಾಹನ ಬರುತ್ತಿರಲಿಲ್ಲವಾದ್ದರಿಂದ ಪಾರಾದೆ. ಕಾರನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ ಎಂದು ಗೊತ್ತಿದ್ದರೂ, ಆನೆ ದಾಟುವ ಆ ಜಾಗದಲ್ಲಿ ಕತ್ತಲಾಗುವ ಹೊತ್ತಿಗೆ ಯಾರೂ ಕಾರು ನಿಲ್ಲಿಸುವ ಸಾಹಸ ಮಾಡುವುದಿಲ್ಲ; ತೆವಳಿಕೊಂಡೇ ತಿತಿಮತಿ ಸೇರಿದೆ. ‘ಪಿಕಪ್ ಇಲ್ಲ’ ಎಂಬುದು ಸುಖಪ್ರಯಾಣಕ್ಕೆ ಸಂಬಂಧಿಸಿದ ಸಣ್ಣ ದೂರು ಎಂದು ತಮ್ಮವರು ಭಾವಿಸಿದ್ದರೆ, ಈ ಸಂಗತಿಯನ್ನು ಅವರ ಗಮನಕ್ಕೆ ತರಬೇಕೆಂದು ಕೋರುತ್ತೇನೆ.

ಇನ್ನು ಬಿಲ್ಲಿನ ವಿಚಾರ. ಅದರಲ್ಲಿ ಟರ್ಬೊ ಇದೆ, ಕೂಲಿ ಇದೆ, ಬೇರೇನೂ ಇಲ್ಲ. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನೊಳಗೇ ಸೇರಿಕೊಂಡಿದ್ದು, ಟರ್ಬೊ ನೇರವಾಗಿ ಹೆಡ್‌ಗೆ ಕೂರುತ್ತದೆ. ಅದನ್ನು ಕಳಚಿದರೆ ನಡುವಿನ ಗ್ಯಾಸ್ಕೆಟ್ ಹೊಸದಾಗಬೇಕು, ಆಯಿಲ್ ಮತ್ತು ಕೂಲೆಂಟ್ ಪೈಪುಗಳ ಸೀಲುಗಳು ಹೊಸದಾಗಬೇಕು, ಹರಿದುಹೋದ ಕೂಲೆಂಟ್ ತುಂಬಿಸಬೇಕು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು. ಅದನ್ನು ಉಳಿಸುವುದು ಎಂಜಿನ್ ಆಯಿಲ್‌ನ ತೆಳುವಾದ ಪದರ. ಆದ್ದರಿಂದ ಹೊಸದನ್ನು ಕೂರಿಸುವಾಗ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು, ಆಯಿಲ್ ಹೋಗುವ ಪೈಪಿನಲ್ಲಿ ಕರಿ ಕಟ್ಟಿದೆಯೇ ಎಂದು ನೋಡುವುದು, ಚಾಲೂ ಮಾಡುವ ಮೊದಲು ಬೇರಿಂಗ್‌ಗೆ ಆಯಿಲ್ ಹನಿಸುವುದು ಈ ಕೆಲಸ ಬಲ್ಲವರೆಲ್ಲ ಪಾಲಿಸುವ ಕ್ರಮ. ತಮ್ಮ ಬಿಲ್ಲಿನಲ್ಲಿ ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಗ್ಯಾಸ್ಕೆಟ್ ಇಲ್ಲ, ಒಂದು ವಾಷರ್ ಕೂಡ ಇಲ್ಲ. ಇವನ್ನು ಹಾಕಿಯೂ ಬಿಲ್ ಮಾಡದಷ್ಟು ಉದಾರತೆ ತಮ್ಮದೆಂದು ನಂಬುವುದು ಕಷ್ಟ. ಹಾಕದೇ ಇದ್ದಲ್ಲಿ ಹಳೆಯ ಆಯಿಲ್‌ನಲ್ಲೇ, ಹಳೆಯ ಸೀಲುಗಳ ಮೇಲೆಯೇ ಹೊಸ ಟರ್ಬೊ ಓಡುತ್ತಿದೆ ಎಂದಾಯಿತು.

ಅದು ನಿಜಕ್ಕೂ ಹೊಸದೇ ಎಂಬುದೂ ಬಿಲ್ಲಿನಿಂದ ತಿಳಿಯುವುದಿಲ್ಲ. ಪಾರ್ಟ್ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ವಾರಂಟಿಯ ಅವಧಿ ಇಲ್ಲ. ಕಳಚಿದ ಹಳೆಯ ಟರ್ಬೊವನ್ನು ಕೇಳಿದಾಗ ಅದು ಗುಜರಿಗೆ ಹೋಯಿತೆಂಬ ಉತ್ತರ ಸಿಕ್ಕಿತು. ಟರ್ಬೊಗಳನ್ನು ಬಿಚ್ಚಿ, ಒಳಭಾಗ ಬದಲಿಸಿ, ರೀಕಂಡೀಷನ್ ಮಾಡಿ ಮಾರುವ ವ್ಯಾಪಾರವಿರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹಳೆಯ ಟರ್ಬೊಗೆ ಅಲ್ಲಿ ಒಳ್ಳೆಯ ಬೆಲೆಯೇ ಇದೆ. ಅದು ನನ್ನ ಸ್ವತ್ತು. ಶಾಫ್ಟ್ ಅಲುಗಾಡುತ್ತಿತ್ತೇ, ಕಂಪ್ರೆಸರ್ ಚಕ್ರದ ರೆಕ್ಕೆಗಳು ಹೌಸಿಂಗಿಗೆ ಉಜ್ಜಿದ್ದವೇ, ಗಾಳಿಯ ಬದಿಗೆ ಆಯಿಲ್ ಇಳಿದಿತ್ತೇ ಎಂಬುದನ್ನು ಆ ಭಾಗ ಕೈಯಲ್ಲಿದ್ದರೆ ಯಾವ ತಂತ್ರಜ್ಞರಾದರೂ ನಿಂತಲ್ಲಿಯೇ ಹೇಳಬಲ್ಲರು. ಈ ಮೂರರಲ್ಲಿ ಒಂದನ್ನಾದರೂ ನೋಡಿದ ದಾಖಲೆ ಜಾಬ್ ಕಾರ್ಡ್‌ನಲ್ಲಿಲ್ಲ, ಒಂದು ಫೋಟೊ ಕೂಡ ಇಲ್ಲ. ಪರೀಕ್ಷೆ ನಡೆದ ದಾಖಲೆಯೂ ಇಲ್ಲ, ಪರೀಕ್ಷಿಸಬಹುದಾದ ವಸ್ತುವೂ ಇಲ್ಲ ಎಂಬ ಈ ಸ್ಥಿತಿಯನ್ನು ಆಕಸ್ಮಿಕವೆಂದು ಒಪ್ಪಿಕೊಳ್ಳಲು ನಾನು ಸಿದ್ಧಳಿಲ್ಲ.

ಮಂಗಳೂರಿನ ವರದಿಯನ್ನು ಕಳುಹಿಸಿದ ಮೇಲೆ ತಮ್ಮಿಂದ ಬಂದ ಉತ್ತರ ಇನ್ನೂ ವಿಚಿತ್ರವಾಗಿತ್ತು. ಕಾರನ್ನು ರೀಮ್ಯಾಪ್ ಮಾಡಿಸಿರಬೇಕು, ಜೊತೆಗೆ ಕೊಡಗಿನ ಘಾಟಿಗಳಲ್ಲಿ ಓಡಿಸಿದರೆ ಟರ್ಬೊ ಹೋಗುವುದು ಸಹಜ ಎಂದು ಹೇಳಲಾಯಿತು. ಇಸಿಯುವಿನ ಸಾಫ್ಟ್‌ವೇರ್ ಬದಲಾಗಿದೆಯೇ ಎಂಬುದನ್ನು ಓದಿ ನೋಡಿ ತಿಳಿಯಬಹುದು; ಕಾರು ತಮ್ಮಲ್ಲಿದ್ದಷ್ಟು ಕಾಲ ಅದನ್ನು ಓದುವ ಅವಕಾಶ ತಮಗಿತ್ತು. ಓದಿದ್ದರೆ ಆ ವರದಿಯನ್ನು ಕಳುಹಿಸಿ, ಇಲ್ಲವಾದಲ್ಲಿ ಆ ಮಾತನ್ನು ಲಿಖಿತವಾಗಿ ಹಿಂಪಡೆಯಿರಿ. ಈ ಕಾರಿನ ಎಂಜಿನ್ ಕಂಪನಿಯಿಂದ ಬಂದಂತೆಯೇ ಇದೆ. ಅದರ 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ನನಗೆ ಧಾರಾಳವಾಗಿ ಸಾಕು. ಘಾಟಿಯ ವಿಷಯಕ್ಕೆ ಬಂದರೆ, ಏರು ಹತ್ತಲಾಗದ ಟರ್ಬೊ ಕಾರನ್ನು ಯಾರೂ ತಯಾರಿಸುವುದಿಲ್ಲ. ಈ ಸಂಭಾಷಣೆಯ ನಡುವೆ, ಮನೆಯಲ್ಲಿ ಗಾಡಿ ಓಡಿಸುವವರು ಯಾರಾದರೂ ಇದ್ದರೆ ಫೋನ್ ಕೊಡಿ ಮೇಡಂ, ಎಂದು ತಮ್ಮ ಅಡ್ವೈಸರ್ ಹೇಳಿದರು. ಗಾಡಿ ಓಡಿಸುವವಳು ನಾನೇ. ರ್‍ಯಾಲಿ, ಆಟೋಕ್ರಾಸ್ ಎಂದರೆ ಊರಿಗೆ ಊರೇ ನೆರೆಯುವ ಕೊಡಗಿನಲ್ಲಿ ಇಂಥ ಮಾತನ್ನು ಹೇಳುವವರು ಅಪರೂಪ.

ಸಣ್ಣದೆಂದು ಬಿಡಲಾಗದ ಇನ್ನೊಂದು ಲೋಪವೂ ಇದೆ. ಎಂಜಿನ್ನಿನ ಅಡಿಯ ಕವರನ್ನು ಕಳಚಿದ ತಮ್ಮವರು ಅದನ್ನು ಮರಳಿ ಕೂರಿಸುವಾಗ ಸ್ಕ್ರೂಗಳಲ್ಲಿ ಅರ್ಧದಷ್ಟನ್ನೂ ಹಾಕಿಲ್ಲ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರು ನೀರು ನೇರವಾಗಿ ಮೇಲೆ ಚಿಮ್ಮಿ, ಒಂದು ಬದಿ ಜೋತುಬಿದ್ದ ಕವರ್ ರಸ್ತೆಗೆ ಉಜ್ಜತೊಡಗಿದಾಗ ಇದು ಗೊತ್ತಾಯಿತು.

ಆದ್ದರಿಂದ ನಾನು ಕೇಳುವುದು ಇಷ್ಟು. ಕಳಚಿದ ಟರ್ಬೊವನ್ನು ನನಗೆ ಹಿಂದಿರುಗಿಸಬೇಕು. ಅದು ಮೂರನೆಯವರ ತಪಾಸಣೆಯಲ್ಲಿ ಕೆಟ್ಟಿದೆಯೆಂದು ಕಂಡುಬಂದರೆ ಬಿಡಿಭಾಗದ ಹಣವನ್ನು ನಾನು ಕೇಳುವುದಿಲ್ಲ. ಹಿಂದಿರುಗಿಸಲಾಗದಿದ್ದರೆ, ಅದು ಕೆಟ್ಟಿತ್ತೆಂಬುದಕ್ಕೆ ಯಾವ ಆಧಾರವೂ ಉಳಿಯದ ಕಾರಣ, ಬಿಡಿಭಾಗಕ್ಕೆ ಪಡೆದ 1,48,000 ರೂಪಾಯಿಯನ್ನು ಮರಳಿಸಬೇಕು. ಹೇಳಿದ ದೋಷವನ್ನು ಸರಿಪಡಿಸದೆ ಪಡೆದ ಕೂಲಿ 22,000 ರೂಪಾಯಿಯನ್ನು ಹೇಗಿದ್ದರೂ ಮರಳಿಸಬೇಕು. ಈಗ ಕಾರಿನಲ್ಲಿರುವ ಟರ್ಬೊದ ಪಾರ್ಟ್ ನಂಬರ್, ಅದನ್ನು ತಾವು ಖರೀದಿಸಿದ ಬಿಲ್ಲಿನ ಪ್ರತಿ, ವಾರಂಟಿಯ ವಿವರ ಹಾಗೂ ತಮ್ಮ ಸ್ಕ್ಯಾನರ್‌ನ ಪೂರ್ಣ ವರದಿಯನ್ನು ಕೊಡಬೇಕು. ಸೀಲು, ಗ್ಯಾಸ್ಕೆಟ್ ಮತ್ತು ಆಯಿಲ್ ಪೈಪುಗಳ ತಪಾಸಣೆಯನ್ನು ಮಂಗಳೂರಿನಲ್ಲಿ ಮಾಡಿಸಿ ಅದರ ವೆಚ್ಚವನ್ನು ತಮಗೆ ಕಳುಹಿಸುತ್ತೇನೆ. ಈ ಕೆಲಸಕ್ಕೆ ಕಾರನ್ನು ಮತ್ತೆ ತಮ್ಮಲ್ಲಿಗೆ ತರುವ ವಿಶ್ವಾಸ ನನಗಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆ ಹಾಗೂ ಅನುಚಿತ ವ್ಯಾಪಾರ ಪದ್ಧತಿಗಾಗಿ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಯಾವುದೇ ತಕರಾರು ಮೈಸೂರಿನ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟದ್ದು ಎಂದು ತಮ್ಮ ಬಿಲ್ಲಿನ ಅಡಿಯಲ್ಲಿ ಮುದ್ರಿಸಿದ್ದೀರಿ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದೆಂದು ಅದೇ ಕಾಯ್ದೆಯ 34ನೇ ಪ್ರಕರಣ ಹೇಳುತ್ತದೆ.

ಬಿಲ್, ಜಾಬ್ ಕಾರ್ಡ್, ಮಂಗಳೂರಿನ ಸ್ಮೋಕ್ ಟೆಸ್ಟ್ ವರದಿ, ಒತ್ತಡದ ಅಳತೆಗಳ ಮುದ್ರಿತ ಪ್ರತಿ ಮತ್ತು ಸೀಳಿದ ಹೋಸ್‌ನ ಫೋಟೊಗಳನ್ನು ಲಗತ್ತಿಸಿದ್ದೇನೆ. ಹೋಸ್ ನನ್ನ ಬಳಿಯೇ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಹೋಗುವುದರಿಂದ, ಫೋನ್ ಮಾಡಿದೆವು, ಸಿಗಲಿಲ್ಲ ಎಂಬ ಉತ್ತರಕ್ಕೆ ಅವಕಾಶವಾಗದಂತೆ, ತಮ್ಮ ಪ್ರತಿಕ್ರಿಯೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳುಹಿಸಬೇಕಾಗಿ ವಿನಂತಿ.

ಇತಿ,
ತಮ್ಮ ವಿಶ್ವಾಸಿ,
ಕಾರಿನ ಮಾಲೀಕರು
ಗೋಣಿಕೊಪ್ಪಲು